ಒಂದೇ ಕೋಣೆಯಲ್ಲಿ ಬೆಳೆದ ಮಗಳು

ಬೆಳಿಗ್ಗೆ ಹಾಲು ತಂದು ಬಾಗಿಲು ತೆರೆದರೆ, ನನ್ನ ಅಡುಗೆಮನೆಯಲ್ಲಿ ಯಾರೋ ಹೆಂಗಸು ಬೆನ್ನು ಹಾಕಿ ನಿಂತಿದ್ದಳು. ನನ್ನದೇ ಚೂಡಿದಾರ ತೊಟ್ಟು, ಮೇಲಿನ ಶೆಲ್ಫಿನಿಂದ ಅವಲಕ್ಕಿ ಡಬ್ಬಿ ಇಳಿಸುತ್ತಿದ್ದಳು. ಸ್ಟೂಲು ಹತ್ತದೆ ನಾನು ಮುಟ್ಟಲಾರದ ಶೆಲ್ಫು ಅದು. "ಯಾರದು?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ತಿರುಗಿದವಳು ನನ್ನ ಮಗಳು ಶ್ರೇಯಾ. "ಕ್ಯಾ ಮಮ್ಮಿ, ಸುಬಹ್ ಸುಬಹ್!" ಎಂದು ನಕ್ಕಳು, ಬೆಳಬೆಳಿಗ್ಗೆಯೇ ಏನಿದು ಎಂಬಂತೆ.

ಮುಂಬೈ ಕಡೆಗೆ ಬಂದವರೆಲ್ಲ ಊರಿಗೆ ಬರೆಯುವುದು ಲೋಕಲ್ ಟ್ರೇನಿನ ನೂಕುನುಗ್ಗಲಿನ ಬಗ್ಗೆ. ನನಗೆ ಇಲ್ಲಿ ಕಂಡ ದೊಡ್ಡ ಸೋಜಿಗವೆಂದರೆ, ಒಂದೇ ಕೋಣೆಯೊಳಗೆ ಒಂದು ಮಗು ಬೆಳೆದು ದೊಡ್ಡದಾದದ್ದು. ನಾವು ಉಡುಪಿ ಕಡೆಯಿಂದ ಮುಂಬೈ ಹೊರವಲಯದ ಠಾಕುರ್ಲಿಗೆ ಬಂದಾಗ ಅವಳು ಹಾಲುಹಲ್ಲು ಬೀಳುವ ಪ್ರಾಯದವಳು. ನನ್ನ ಗಂಡ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ವೆಜಿಟೇರಿಯನ್ ಹೋಟೆಲು ನಡೆಸುತ್ತಾರೆ. ನಮ್ಮದು ಇಲ್ಲಿನವರು ರೂಮ್-ಕಿಚನ್ ಎನ್ನುವ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಅಲ್ಲಿಗೆ ಮುಗಿಯಿತು.

ಊರಿನಲ್ಲಿ ಬಿದ್ದ ಹಲ್ಲನ್ನು ಹೆಂಚಿನ ಮೇಲೆ ಎಸೆಯುತ್ತೇವೆ. ಇಲ್ಲಿ ನಮ್ಮ ತಲೆಯ ಮೇಲೆ ಇನ್ನೂ ಎಷ್ಟೋ ಸಂಸಾರಗಳು! ಶ್ರೇಯಾ ತನ್ನ ಹಲ್ಲನ್ನು ಕಿಟಕಿಯಿಂದ ಎಸೆದಳು. ಅದು ಕೆಳಗಿನ ಮನೆಯ ಸುಲಭಾ ಕಾಕು ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಜಗಳಕ್ಕೆಂದು ಮೇಲೆ ಬಂದ ಕಾಕು ಮಗುವಿನ ಬೊಚ್ಚುಬಾಯಿ ನೋಡಿ ನಕ್ಕರು, ಅಂದಿನಿಂದ ನಮ್ಮವರಾದರು. ಒಂದೇ ಮಳೆಗಾಲದಲ್ಲಿ ಮಗಳು ಅವರಿಂದ ಮರಾಠಿ ಕಲಿತಳು. ಶಾಲೆಯಿಂದ ತಂದ ಹಿಂದಿಯನ್ನು ನಮ್ಮ ಜೊತೆಗೂ ಆಡತೊಡಗಿದಳು. ನಾನು ಇವತ್ತಿಗೂ ತರಕಾರಿಯವನ ಮುಂದೆ ತಡವರಿಸುತ್ತೇನೆ. ಅವಳೇ ನನ್ನ ಬಾಯಿಯಾಗಿ ಚೌಕಾಸಿ ಮಾಡುತ್ತಿದ್ದಳು.

ಆಮೇಲೆ ಒಂದು ದಿನ ನನ್ನ ಕೈ ಬಿಟ್ಟು ಮುಂದೆ ಮುಂದೆ ನಡೆಯತೊಡಗಿದಳು. ಮೊಸರು ಹುಳಿಯಾಗಿದೆ ಎಂದು ಅತ್ತಳು. ಅದೇ ರಾತ್ರಿ ಊಟದ ತಟ್ಟೆಯ ಮುಂದೆ ಏನನ್ನೋ ನೆನೆಸಿಕೊಂಡು ಬಿದ್ದು ಬಿದ್ದು ನಕ್ಕಳು. ಹಣೆಯಲ್ಲಿ ಮೊಡವೆ, ಕೈಕಾಲುಗಳಿಗೆ ಬಾಳೆಯ ಸುಳಿಯ ಅವಸರ. ಊರಿನಲ್ಲಾದರೆ ಸಿಟ್ಟು ಬಂದ ಹುಡುಗಿಗೆ ಅಟ್ಟವುಂಟು, ಅಳು ಬಂದವಳಿಗೆ ಬಾವಿಕಟ್ಟೆಯುಂಟು. ಇಲ್ಲಿ ಮುಚ್ಚಿಕೊಳ್ಳಲು ಇರುವುದು ಬಚ್ಚಲುಮನೆಯ ಬಾಗಿಲೊಂದೇ. ಹಗಲೂ ರಾತ್ರಿ ಕೈಯಳತೆಯಲ್ಲೇ ಇದ್ದವಳು ಯಾವಾಗ ಬೆಳೆದಳೋ ನಾನು ನೋಡಲೇ ಇಲ್ಲ. ಬೆಳೆಯುವ ಮಕ್ಕಳಿಗೆ ಯಾರ ಕಣ್ಣಿಗೂ ಬೀಳದ ಜಾಗವೊಂದು ತಮ್ಮೊಳಗೇ ಇರುತ್ತದೆಂದು ಕಾಣುತ್ತದೆ.

ಅವಳು ದೊಡ್ಡವಳಾದ ಸುದ್ದಿಯೂ ನನಗೆ ಮೊದಲು ಗೊತ್ತಾಗಲಿಲ್ಲ. ಶಾಲೆಯಿಂದ ಬಂದವಳು ನೇರ ಕಾಕುವಿನ ಮನೆಗೆ ಹೋಗಿದ್ದಳು. ಬೇಕಾದದ್ದನ್ನೆಲ್ಲ ಕೊಟ್ಟು, ಸಮಾಧಾನ ಹೇಳಿ, ಕಾಕುವೇ ಮೇಲೆ ಕರೆತಂದರು. ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು. ಹೆತ್ತವಳು ನಾನು, ಗುಟ್ಟು ಅವರಿಗೆ! ಆದರೂ ಮಗಳ ಮುಖ ನೋಡಿದಾಗ ಅದೆಲ್ಲ ಕರಗಿತು. ಹೆದರಿಕೆ, ಹೆಮ್ಮೆ ಎರಡೂ ಸೇರಿ ಆ ಮುಖ ಹೊಳೆಯುತ್ತಿತ್ತು. ತಬ್ಬಿಕೊಂಡೆ.

ಗಂಡನಿಗೆ ಫೋನಿನಲ್ಲಿ ಹೇಳಿದೆ. ಅಲ್ಲೇ ಎಡವಟ್ಟಾಯಿತು. ಹೋಟೆಲಿನವರಿಗೆ ಖುಷಿಯಾದರೆ ಕೈ ಸುಮ್ಮನಿರುವುದಿಲ್ಲ, ಬಾಣಲೆಗೆ ಹೋಗುತ್ತದೆ. ನಮ್ಮ ಊರಿನಲ್ಲಿ ಹುಡುಗಿ ದೊಡ್ಡವಳಾದರೆ ಹೆಂಗಸರು ಸೇರಿ ಆರತಿ ಎತ್ತಿ ಎಳ್ಳುಂಡೆ ಹಂಚುವ ಕ್ರಮವಿದೆ. ಇವರು ಮರುದಿನ ಕಾಶಿಹಲ್ವ ಮಾಡಿಸಿ ಪ್ರತಿ ಊಟದ ತಟ್ಟೆಗೂ ಹಾಕಿಸಿದರು. "ಅಣ್ಣಾ, ಆಜ್ ಕ್ಯಾ ಖುಶೀ ಹೈ?" ಎಂದು ಕೇಳಿದ ಗಿರಾಕಿಗಳಿಗೆಲ್ಲ ಕಾರಣವನ್ನೂ ಬಡಿಸಿದರು. ತಿಂದವರಲ್ಲಿ ಶ್ರೇಯಾಳ ಜೊತೆ ಟ್ಯೂಷನ್ನಿಗೆ ಹೋಗುವ ಹುಡುಗಿಯೊಬ್ಬಳ ತಂದೆಯೂ ಇದ್ದರು. ಸಂಜೆ ಆ ಹುಡುಗಿ ಎಲ್ಲರೆದುರು ಅದನ್ನೇ ಕೇಳಿದಳಂತೆ.

ಮನೆಗೆ ಬಂದ ಶ್ರೇಯಾ ಅಳಲಿಲ್ಲ. ಅಪ್ಪ ಬರುವವರೆಗೂ ಕಾದು, ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಪಪ್ಪಾ, ವೋ ಮೇರಾ ಥಾ. ಆಪ್‌ಕಾ ನಹೀಂ ಥಾ."

ಅದು ನನ್ನದಾಗಿತ್ತು, ನಿಮ್ಮದಲ್ಲ. ನಾನು ಬೆರಗಾಗಿ ನಿಂತೆ. ಅವಳ ಪ್ರಾಯದಲ್ಲಿ ನನ್ನ ಮೈಯೂ ಮನೆಯವರೆಲ್ಲರ ಪಾಲಿನದು ಎಂದೇ ತಿಳಿದಿದ್ದವಳು ನಾನು. ಈ ಮಾತನ್ನು ಇವಳಿಗೆ ಕಲಿಸಿದವರು ಯಾರು? ಕಾಕುವೇ, ಶಾಲೆಯೇ, ಇಲ್ಲ ಈ ಊರಿನ ಗಾಳಿಯೇ?

ಅಲ್ಲಿಂದ ಅಪ್ಪನ ಜೊತೆ ಮಾತು ನಿಂತಿತು. ದಿನಾ ಸಂಜೆ ಹೋಟೆಲಿಗೆ ಹೋಗಿ ದೋಸೆ ತಿನ್ನುತ್ತಿದ್ದವಳು ಆ ರಸ್ತೆಯನ್ನೇ ಬಿಟ್ಟಳು. ಒಂದೇ ಕೋಣೆಯಲ್ಲಿ ಮಾತು ಬಿಟ್ಟ ಇಬ್ಬರ ನಡುವೆ ಬದುಕುವ ಕಷ್ಟ ಯಾರಿಗೂ ಬೇಡ. ಇವರು ಕೊರಗಿ ಕೊರಗಿ ಸೊರಗಿದರು.

"ಎಂತ ಮಾಡಿದೆ ಮಾರಾಯ್ತಿ ನಾನು? ಊರಲ್ಲಾದ್ರೆ ಕರೆದು ಊಟ ಹಾಕ್ತಿರ್ಲಿಲ್ವಾ?"

"ಊರಲ್ಲಿ ಸೇರುದು ಹೆಂಗಸರು. ನೀವು ಡೊಂಬಿವಲಿಯ ಗಂಡಸರಿಗೆಲ್ಲ ಹಲ್ವ ತಿನ್ನಿಸಿದ್ದು."

"ಈಗ ಅದು ನನ್ನತ್ರ ಮಾತಾಡುದೇ ಇಲ್ವಾ ಹಾಗಾದ್ರೆ?" ಎಂದರು. ನನಗೂ ಅದೇ ಭಯ. ಮಗಳು ಹೀಗೇ ದೂರವಾದರೆ ಈ ದೂರದ ಊರಿನಲ್ಲಿ ನಾವಿಬ್ಬರು ಯಾರಿಗಾಗಿ ಇರುವುದು?

ಮುಂದಿನ ತಿಂಗಳು ಒಂದು ಮಧ್ಯಾಹ್ನ ನಾನು ಹೋಟೆಲಿನಲ್ಲಿ ಗಲ್ಲಾದ ಹಿಂದೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಶ್ರೇಯಾ ಸ್ಕೂಲ್ ಬ್ಯಾಗ್ ಹೊಟ್ಟೆಗೆ ಒತ್ತಿ ಹಿಡಿದು ಬಂದಳು. ನನ್ನನ್ನು ನೋಡಿಯೂ ನಿಲ್ಲದೆ ನೇರ ಗಲ್ಲಾದಲ್ಲಿ ಕೂತಿದ್ದ ಅಪ್ಪನ ಬಳಿ ಹೋದಳು. ಬಗ್ಗಿ, ಅಚ್ಚ ನಮ್ಮ ಊರಿನ ಕನ್ನಡದಲ್ಲಿ ಹೇಳಿದಳು: "ಪಪ್ಪಾ, ಹೊಟ್ಟೆ ನೋವು. ಮೆಂತೆ ಗಂಜಿ ಮಾಡಿ ಕೊಡಿ. ಯಾರಿಗೂ ಹೇಳ್ಬೇಡಿ."

ಇವರು ಗಲ್ಲಾ ಬಿಟ್ಟು ಎದ್ದರು. ಅಡುಗೆಯ ಭಟ್ಟರನ್ನು ಒಲೆಯ ಹತ್ತಿರಕ್ಕೂ ಬಿಡದೆ ತಾವೇ ಗಂಜಿ ಮಾಡಿ, ತಾವೇ ತಂದಿಟ್ಟರು. "ಅಣ್ಣಾ, ಸ್ಪೆಷಲ್ ಹೈ ಕ್ಯಾ? ಹಮ್‌ಕೋ ಭೀ ದೋ" ಎಂದು ತನಗೂ ಕೇಳಿದ ಪಕ್ಕದ ಮೇಜಿನವನಿಗೆ, "ನಹೀಂ ಹೈ" ಎಂದರು. ಗಿರಾಕಿಗೆ ಇವರು ಇಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳು ತಲೆ ಬಗ್ಗಿಸಿ ಗಂಜಿ ಕುಡಿದಳು. ಅಪ್ಪ ಬೆನ್ನು ತಿರುಗಿಸಿ ನಿಂತು ಕನ್ನಡಕ ಒರೆಸಿಕೊಂಡರು.

ಆ ವಾರವೇ ಊರಿನಿಂದ ಅತ್ತೆಯ ಫೋನು. "ಬೇಸಿಗೆ ರಜೆಯಲ್ಲಿ ಮಗುವನ್ನು ಕರ್ಕೊಂಡು ಬನ್ನಿ. ಆರತಿ ಮಾಡ್ಲಿಕ್ಕೆ ಉಂಟಲ್ಲ?" ಎಂದರು. ಇವರು "ಅದನ್ನು ಅದರತ್ರವೇ ಕೇಳ್ಬೇಕಮ್ಮ" ಎಂದು ಫೋನನ್ನು ಮಗಳ ಕೈಗೆ ಕೊಟ್ಟರು.

"ಅಜ್ಜೀ, ನಾನು ಬರ್ತೇನೆ. ಎಳ್ಳುಂಡೆ ಬೇಕು. ಆರತಿ ಬೇಡ."

ಫೋನು ಸ್ಪೀಕರಿನಲ್ಲಿತ್ತು. ಅತ್ತೆ, "ನಂಗೂ ಆಗ ಬೇಡ ಅಂತಲೇ ಇತ್ತು ಮಗಾ. ಕೇಳಿದವ್ರು ಯಾರು?" ಎಂದರು.

ಶ್ರೇಯಾ ಫೋನನ್ನು ಎದೆಗೊತ್ತಿ ಹಿಡಿದು ನನ್ನತ್ತ ತಿರುಗಿದಳು. "ಔರ್ ತೂ, ಮಮ್ಮಿ? ತೇರೇಕೋ ಚಾಹಿಯೇ ಥಾ?"

ನಿನಗೆ ಬೇಕಿತ್ತೇ ಎಂದು ಊರಿನಲ್ಲಾಗಲಿ ಇಲ್ಲಾಗಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಇವಳಿಗೆ ಹಿತವಾಗುವ ಉತ್ತರ ಯಾವುದೆಂದು ಗೊತ್ತಿತ್ತು. ಆದರೆ ಬಾಯಿಗೆ ಬಂದದ್ದು ನಿಜವೇ. "ನಂಗೆ ಬೇಕಿತ್ತು. ಹೊಸ ರೇಷ್ಮೆ ಲಂಗ, ಜಡೆ ತುಂಬ ಮಲ್ಲಿಗೆ. ಆ ಒಂದು ದಿನ ಎಲ್ರೂ ನನ್ನನ್ನೇ ನೋಡಿದ್ರು. ಈಗ್ಲೂ ಒಮ್ಮೊಮ್ಮೆ ಬೇಕನ್ನಿಸ್ತದೆ."

ಹೇಳುತ್ತಿದ್ದಂತೆ ಕಣ್ಣು ತುಂಬಿತು. ಮಗಳು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆಮೇಲೆ ತನ್ನ ಉದ್ದನೆಯ ಕೈಯನ್ನು ನನ್ನ ಹೆಗಲ ಸುತ್ತ ಹಾಕಿ, ಫೋನನ್ನು ಮತ್ತೆ ಬಾಯಿಯ ಹತ್ತಿರ ತಂದಳು.

"ಅಜ್ಜೀ, ಆರತಿ ಮಾಡುವ. ನಂಗಲ್ಲ, ಅಮ್ಮನಿಗೆ."