ಅತ್ತೆ ಜೀನ್ಸ್ ತೊಟ್ಟು ಕಣಜ ಓಡಿಸಿದ್ದು

ಮಡಕಶಿರಾ ಕಡೆಯ ಹಳ್ಳಿಯಿಂದ ಮದುವೆಯಾಗಿ ನಾನು ರಾಯದುರ್ಗಕ್ಕೆ ಬಂದಾಗ ನಮ್ಮ ಓಣಿಯಲ್ಲಿ ಮನೆಮನೆಯಲ್ಲೂ ಜೀನ್ಸ್ ಹೊಲಿಯುತ್ತಿದ್ದರು. ನನ್ನ ಗಂಡ ಕಟಿಂಗ್ ಮಾಡಲು ಕಾರ್ಖಾನೆಗೆ ಹೋಗುತ್ತಿದ್ದರು. ನಾನು ಮನೆಯಲ್ಲೇ ಮಷೀನಿಗೆ ಕೂತು ಜೇಬು ಹೊಲಿಯುತ್ತಿದ್ದೆ. ಗುಮ್ಮಘಟ್ಟದಲ್ಲಿ ಕುರಿ ಸಾಕಿಕೊಂಡಿದ್ದ ಅತ್ತೆ, ಮಂಡಿನೋವು ಶುರುವಾದ ಮೇಲೆ ನಮ್ಮ ಜೊತೆಗೇ ಬಂದಿದ್ದರು. ಹೊಸ್ತಿಲ ಬಳಿ ಕೂತು ಮಿಕ್ಕ ದಾರ ಕತ್ತರಿಸುತ್ತಿದ್ದರು. ನಾನು ‘ಯಾಕೆ’ ಎಂದರೆ ‘ಯಾಕ ಅನ್ನು’ ಎಂದು ತಮ್ಮ ಕಡೆಯ ಮಾತಿಗೆ ತಿದ್ದುತ್ತಿದ್ದರು. ಅದು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತು ಕಡಿಮೆ.

ಆ ಬೇಸಿಗೆಯಲ್ಲಿ ಮಷೀನಿನ ಮೇಲಿನ ಗವಾಕ್ಷಿಯಲ್ಲಿ ಕಣಜಗಳು ಗೂಡು ಕಟ್ಟಿದವು. ಮೊದಲು ಗುಂಡಿಯಷ್ಟಿದ್ದದ್ದು ನೋಡನೋಡುತ್ತ ಅಂಗೈಯಗಲ ಆಯಿತು. ಮಷೀನು ಓಡಿಸಿದರೆ ಗೋಡೆ ಅದುರಿ, ಅವು ಗುಂಯ್ ಎಂದು ಕೆಳಗಿಳಿಯುತ್ತಿದ್ದವು. ಒಂದು ದಿನ ನನ್ನ ಕುತ್ತಿಗೆಗೇ ಕಡಿದವು. ನಾನು ಅತ್ತುಬಿಟ್ಟೆ. ಅತ್ತೆ ಎದ್ದು ಬಂದು ಎಲೆಯಡಿಕೆ ಚೀಲದ ಸುಣ್ಣ ತೆಗೆದು ಹಚ್ಚಿದರು.

“ನಾಳೆ ಬೇವಿನಸೊಪ್ಪಿನ ಹೊಗಿ ಹಾಕ್ತೀನಿ, ಸುಮ್ನಿರವ್ವಾ,” ಎಂದರು.

“ಹೊಗೆ ಬ್ಯಾಡ ಅತ್ತೆಮ್ಮ, ಬಟ್ಟೆ ಗಂಟೆಲ್ಲ ಇಲ್ಲೇ ಐತೆ. ಒಂದು ಕಿಡಿ ಬಿದ್ರೆ ಮುಗೀತು.”

ಅವರು ಯೋಚಿಸಿದರು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ಸೋಪಿನ ನೀರು ತುಂಬೋಣ ಎಂದೆ ನಾನು. ಒಪ್ಪಿದರು. ಆದರೆ ಸ್ಟೂಲು ಹತ್ತಲು ನನ್ನನ್ನು ಬಿಡಲಿಲ್ಲ.

“ನಿನಗ ಮತ್ತ ಕಡಿದ್ರ ನಿಮ್ಮವ್ವಗ ಏನಂತ ಹೇಳ್ಲಿ? ನಾ ಹತ್ತತೀನಿ. ಆ ದೊಡ್ಡ ಪ್ಯಾಂಟು ಕೊಡಿಲ್ಲಿ.”

ಬಣ್ಣ ಕೆಟ್ಟು ವಾಪಸ್ ಬಂದಿದ್ದ ಒಂದು ದೊಡ್ಡ ಜೀನ್ಸ್ ಮೂಲೆಯಲ್ಲಿತ್ತು. ಮಾರನೆಯ ಬೆಳಗಿನ ಜಾವ, ಗಂಡ ಮೊದಲ ಪಾಳಿಗೆ ಹೋದ ಮೇಲೆ, ಹುಳಗಳು ಇನ್ನೂ ಮಂಕಾಗಿದ್ದಾಗ, ಅತ್ತೆ ಸೀರೆಯನ್ನು ಮೇಲಕ್ಕೆ ಕಟ್ಟಿ ಅದನ್ನು ಏರಿಸಿಕೊಂಡರು. ಜಾರದಂತೆ ನಾನು ಸೊಂಟಕ್ಕೆ ಲಾಡಿ ಬಿಗಿದೆ, ತಲೆಗೆ ಟವೆಲು ಸುತ್ತಿದೆ. ಕಣ್ಣೆರಡೇ ಕಾಣುತ್ತಿದ್ದವು. ನನಗೆ ನಗು ತಡೆಯಲಾಗಲಿಲ್ಲ; ಅವರಿಗೂ ಅಷ್ಟೇ. ಮಂಡಿನೋವು ಮರೆತು ನಗುತ್ತಲೇ ಸ್ಟೂಲು ಹತ್ತಿದರು, ನಾನು ಅವರ ಕಾಲು ಹಿಡಿದು ನಿಂತೆ.

ಸೋಪಿನ ನೀರು ಬಿದ್ದ ಹುಳಗಳು ಪಟಪಟ ಉದುರಿದವು. ಉಳಿದವು ಗವಾಕ್ಷಿಯಿಂದ ಹೊರಗೆ ಹಾರಿದವು. ಅತ್ತೆ ಗೂಡನ್ನು ಕೋಲಿನಿಂದ ಕಿತ್ತು, ಮೊರದಲ್ಲಿಟ್ಟುಕೊಂಡು, ಇರುವ ವೇಷದಲ್ಲೇ ತಿಪ್ಪೆಗೆ ಹೊರಟರು. ಎದುರುಮನೆಯಾಕೆ ನೀರು ಹಿಡಿಯುತ್ತಿದ್ದವಳು ಕೊಡ ತುಂಬಿ ಹರಿದರೂ ನೋಡುತ್ತಲೇ ನಿಂತಳು.

“ಏನ್ರೀ ಅಮ್ಮಾ, ಇದೇನು ಪ್ಯಾಂಟು!”

“ಊರಿಗೆಲ್ಲ ನಾವಾ ಹೊಲದು ಕೊಡ್ತೀವಿ. ನಾವು ಒಂದ್ಸಲ ಹಾಕ್ಕೊಂಡ್ರ ತಪ್ಪೇನ್ರಿ?” ಎಂದು ಅತ್ತೆ ಮುಂದೆ ನಡೆದರು.

ಮಧ್ಯಾಹ್ನ ನಾನು ಹಳೆಯ ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ, ಅಂಚಿಗೆ ಜೀನ್ಸ್ ಪಟ್ಟಿ ಕೊಟ್ಟು ಹೊಲಿದೆ. ಗಂಡ ಊಟಕ್ಕೆ ಬಂದವರು ಅದನ್ನು ಗವಾಕ್ಷಿಗೆ ಮೊಳೆ ಹೊಡೆದು ಬಿಗಿದರು. ಬೆಳಗಿನ ಕಥೆ ಕೇಳಿ ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ಮುದ್ದೆ ನುಂಗಲಾರದೆ ನಕ್ಕರು.

ಸಂಜೆ ನಾಲ್ಕಾರು ಕಣಜಗಳು ತಿರುಗಿ ಬಂದು ಪರದೆಯ ಆಚೆ ಸುತ್ತಿದವು. ಅತ್ತೆ ಕತ್ತರಿ ಕೆಳಗಿಟ್ಟು ತಲೆಯೆತ್ತಿದರು.

“ಇಲ್ಲಿ ಜಾಗ ಇಲ್ರವ್ವಾ. ಬ್ಯಾರೆ ಕಡೆ ಬಾಡಿಗಿ ಮನಿ ನೋಡ್ಕೊಳ್ರಿ,” ಎಂದು ಬಲು ಮರ್ಯಾದೆಯಿಂದ ಅವುಗಳಿಗೆ ಹೇಳಿದರು.