ಅದೇ ಬೆಲೆಗೆ ಕೊಡಿ

ಚೆನ್ನೈಗೆ ಬಂದ ಮೊದಲ ವಾರ ಪುರಸೈವಾಕ್ಕಂ ಬೀದಿಯಲ್ಲಿ ನಾನು ಮಗಳ ಕೈ ಹಿಡಿದು ಓಡಿದ್ದೆ. ಬಟ್ಟೆ ಅಂಗಡಿಯೊಂದರ ಮುಂದೆ ಸ್ಟೂಲು ಹತ್ತಿ ನಿಂತ ಗಂಡಸೊಬ್ಬ ಮೈಕಿನಲ್ಲಿ "ತಳ್ಳುಬಡಿ, ತಳ್ಳುಬಡಿ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಜನ ಒಬ್ಬರನ್ನೊಬ್ಬರು ನೂಕಿಕೊಂಡು ಒಳಗೆ ನುಗ್ಗುತ್ತಿದ್ದರು. ಕುಂದಾಪುರದಿಂದ ಆಗಷ್ಟೇ ಬಂದವಳ ಕಿವಿಗೆ ಅದು ತಳ್ಳು, ಬಡಿ ಎಂದೇ ಕೇಳಿಸಿತು. ಹೊಡೆದಾಟ ಎಂದುಕೊಂಡೆ. ನಮ್ಮವರು ಹಿಂದೆಯೇ ಓಡಿಬಂದು ನಗು ತಡೆಯಲಾಗದೆ ಹೇಳಿದರು, ತಳ್ಳುಬಡಿ ಎಂದರೆ ತಮಿಳಿನಲ್ಲಿ ರಿಯಾಯಿತಿ ಅಂತೆ.

ನಮ್ಮವರು, ಭಾಸ್ಕರ, ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಮಗಳು ಅಶ್ವಿನಿ ಆಗ ಮೂರನೇ ಕ್ಲಾಸು. ನಮಗೆ ಸಿಕ್ಕಿದ್ದು ಮೂರನೇ ಮಹಡಿಯ ಒಂದೂವರೆ ಕೋಣೆ. ಅದರ ತಾರಸಿ ಹಗಲಿಡೀ ಕಾದು ಸಂಜೆಯ ಮೇಲೆ ಆ ಕಾವನ್ನೆಲ್ಲ ನಮ್ಮ ಮೇಲೆ ಸುರಿಯುತ್ತಿತ್ತು. ಊರಿನಲ್ಲಿ ಬಾವಿಗೆ ಕೊಡ ಇಳಿಸಿದರೆ ನೀರು. ಇಲ್ಲಿ ಲಾರಿ ಬರುವ ಸದ್ದಿಗೆ ಕೊಡ ಹಿಡಿದು ಮೂರು ಮಹಡಿ ಇಳಿಯಬೇಕು. ನಮ್ಮವರು ಹೋಟೆಲಿಗೆ, ಮಗಳು ಶಾಲೆಗೆ ಹೋದ ಮೇಲೆ ನನ್ನ ಜೊತೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ನೀರಿನ ಸಾಲಿನಲ್ಲೇ ಸೆಲ್ವಿ ಅಕ್ಕನ ಪರಿಚಯವಾದದ್ದು. ಕೆಳಮನೆಯವಳು. ಗಂಡ ಸಿನಿಮಾ ಸ್ಟುಡಿಯೋಗಳಲ್ಲಿ ಲೈಟು ಹೊರುವವನು. ಶೂಟಿಂಗ್ ಇದ್ದರೆ ಸಂಬಳ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಕ್ಕ ವಾರದ ಕೊನೆಗೆ ಪೇಪರಿನ ಜೊತೆ ಬರುವ ಸೂಪರ್ ಮಾರ್ಕೆಟ್ ಜಾಹೀರಾತುಗಳನ್ನು ನೆರೆಹೊರೆಯವರಿಂದಲೂ ಕೇಳಿ ತಂದಿಡುತ್ತಿದ್ದಳು. ನಮ್ಮ ರಸ್ತೆಯಲ್ಲಿ ಮೂರು ಸೂಪರ್ ಮಾರ್ಕೆಟ್‌ಗಳು ಪೈಪೋಟಿಗೆ ಬಿದ್ದಿದ್ದವು. ಅವುಗಳಲ್ಲಿ ಒಂದರ ಬಾಗಿಲಲ್ಲಿ ಬೋರ್ಡಿತ್ತು: ಬೇರೆ ಅಂಗಡಿ ಇದಕ್ಕಿಂತ ಕಡಿಮೆ ಬೆಲೆ ಅಚ್ಚು ಹಾಕಿದ್ದರೆ ಚೀಟಿ ತೋರಿಸಿ, ಅದೇ ಬೆಲೆಗೆ ಕೊಡುತ್ತೇವೆ. ಅಕ್ಕ ಒಂದು ಅಂಗಡಿಯ ಎಣ್ಣೆ ಕೂಪನ್ನು, ಇನ್ನೊಂದರ ಉದ್ದಿನಬೇಳೆ ಜಾಹೀರಾತು ಎರಡನ್ನೂ ಹಿಡಿದು ಈ ಮೂರನೆಯದಕ್ಕೆ ಹೋಗಿ ಎಲ್ಲವನ್ನೂ ಒಂದೇ ಕಡೆ ತರುತ್ತಿದ್ದಳು.

ಅದರಲ್ಲೂ ಸೂಕ್ಷ್ಮಗಳಿದ್ದವು. ಕಂಪನಿ ಅದೇ ಆಗಿರಬೇಕು, ತೂಕ ಅದೇ ಇರಬೇಕು, ಚೀಟಿಯ ವಾಯಿದೆ ಮುಗಿದಿರಬಾರದು. ಒಂದು ಕೊಂಡರೆ ಒಂದು ಉಚಿತ ಎಂಬುದನ್ನು ಅವರು ಒಪ್ಪುವುದಿಲ್ಲ. ಅಡಿಯಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವ ನಿಬಂದನೈ, ಅಂದರೆ ಷರತ್ತುಗಳನ್ನು, ಮೊದಲು ಓದಬೇಕು. ಬಸ್ಸಿನ ಬೋರ್ಡು ಓದಲು ಬರುವ ಮೊದಲೇ ನನಗೆ ಆ ಚೀಟಿಗಳನ್ನು ಓದಲು ಬಂತು. ವಿಲೈ ಎಂದರೆ ಬೆಲೆ, ಇಲವಸಂ ಎಂದರೆ ಪುಕ್ಕಟೆ. ನನ್ನ ತಮಿಳಿನ ಅಆಇಈ ಅದೇ.

ಮೊದಲ ಸಲ ಒಬ್ಬಳೇ ಹೋದ ದಿನ ಕೌಂಟರಿನ ಹುಡುಗಿ ನನ್ನ ಚೀಟಿಯನ್ನು ತಿರುಗಿಸಿ ನೋಡಿ ಮ್ಯಾನೇಜರನ್ನು ಕರೆದಳು. ಹಿಂದೆ ಸಾಲು ಗೊಣಗುತ್ತಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಒಂದೇ ವಾಕ್ಯ ಹೇಳಿದೆ. ಅಲ್ಲಿ ಇದೇ ಬೆಲೆ ಹಾಕಿದ್ದಾರೆ, ಅದೇ ಬೆಲೆಗೆ ಕೊಡಿ. ಮ್ಯಾನೇಜರ್ ನನ್ನ ಉಚ್ಚಾರಕ್ಕೆ ನಕ್ಕ, ಆದರೆ ಕೊಟ್ಟ. ಮನೆಗೆ ಬರುವಾಗ ಎಣ್ಣೆಯ ಚೀಲ ಭಾರವೇ ಅನಿಸಲಿಲ್ಲ. ಅಷ್ಟು ದೊಡ್ಡ ಪಟ್ಟಣದಲ್ಲಿ ನನ್ನ ಮಾತು ಮೊದಲ ಬಾರಿಗೆ ನಡೆದಿತ್ತು.

ನಮ್ಮವರು ಮಾತ್ರ ಒಮ್ಮೆಯೂ ಜೊತೆಗೆ ಬರಲಿಲ್ಲ. "ಯಾರಾರು ಪಕ್ಕದ ಹೋಟ್ಲ್ ಮೆನು ತಂದ್, ದೋಸೆಗೆ ಅದೇ ರೇಟ್ ಹಾಕಿ ಅಂದ್ರೆ ನಾ ಎಂತ ಹೇಳುದ್ ಮಾರಾಯ್ತಿ?" ಎನ್ನುತ್ತಿದ್ದರು. ಆದರೆ ಹೋಟೆಲಿಗೆ ಬಂದವರು ಮೇಜಿನ ಮೇಲೆ ಬಿಟ್ಟುಹೋದ ಪೇಪರಿನಿಂದ ಚೀಟಿಗಳನ್ನು ತೆಗೆದು ಮಡಚಿ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ಗಲ್ಲಾದಲ್ಲಿ ಕೂತಲ್ಲೇ ಮುಂದಕ್ಕೆ ವಾಲಿ ಬಿದ್ದರು. ಹೃದಯದ ತೊಂದರೆ ಎಂದರು. ಆಸ್ಪತ್ರೆಯವರು ಕೆಲವು ದಿನ ಪ್ರಯತ್ನಪಟ್ಟರು, ಉಳಿಯಲಿಲ್ಲ. ನಾವು ಕೂಡಿಟ್ಟದ್ದೆಲ್ಲ ಅಲ್ಲಿಗೇ ಸರಿಹೋಯಿತು.

ಹತ್ತಿರದ ಚಿತಾಗಾರದಲ್ಲಿ ಅಂದೇ ಮುಗಿಸಬಹುದು ಎಂದು ಸೆಲ್ವಿ ಅಕ್ಕ ಮೆಲ್ಲಗೆ ಹೇಳಿದಳು. ನನಗೂ ಹಾಗೇ ಅನಿಸಿತ್ತು. ಅಷ್ಟರಲ್ಲಿ ಊರಿನಿಂದ ಭಾವನ ಫೋನ್ ಬಂತು. ನಮ್ಮವರ ಅಣ್ಣ ಅವರು. ಅಳುತ್ತಿದ್ದರು. "ಊರಿಗೇ ಕರ್ಕಂಡ್ ಬಾ. ಅಮ್ಮಂಗೆ ಮುಖ ಕಾಣ್ಕ್" ಎಂದರು.

ಹೆತ್ತ ತಾಯಿ ಮುಖ ನೋಡಬೇಕು ಎಂದ ಮೇಲೆ ಮಾತಿಲ್ಲ. ಆಸ್ಪತ್ರೆಯ ಗೇಟಿನಲ್ಲಿದ್ದ ಆಂಬುಲೆನ್ಸಿನವನನ್ನು ವಿಚಾರಿಸಿದೆ. ಕುಂದಾಪುರ ಎಂದೊಡನೆ ಅವನು ಹೇಳಿದ ಬಾಡಿಗೆ ನನ್ನ ಕೈಗೆ ಎಟಕುವಂಥದ್ದಲ್ಲ. ಅಕ್ಕನ ಗಂಡ ಇನ್ನೊಂದು ನಂಬರು ಹುಡುಕಿ ಕೊಟ್ಟ. ಅವರದು ಕಡಿಮೆ, ಆದರೆ ಗಾಡಿ ಸಿಗುವುದು ಮರುದಿನ. ಆ ಸೆಕೆಯಲ್ಲಿ ಮರುದಿನದವರೆಗೆ ಕಾಯುವಂತಿರಲಿಲ್ಲ. ನಾನು ಮೊದಲನೆಯವನಿಗೆ ಫೋನ್ ಮಾಡಿದೆ. ಬೇರೆಯವರು ಇಷ್ಟಕ್ಕೆ ಒಪ್ಪಿದ್ದಾರೆ ಎಂದೆ. ನಮ್ಮ ಗಾಡಿಯೇ ಬೇರೆ ಮೇಡಂ ಎಂದ ಅವನು. ಅವರ ಗಾಡಿಯಲ್ಲೂ ಐಸ್ ಪೆಟ್ಟಿಗೆ ಇದೆ, ಇಬ್ಬರು ಡ್ರೈವರುಗಳಿದ್ದಾರೆ, ನಿಮ್ಮದರಲ್ಲಿ ಹೆಚ್ಚಿನದೇನಿದೆ ಎಂದು ಕೇಳಿದೆ. ನನ್ನ ದನಿ ಎಲ್ಲೂ ನಡುಗಲಿಲ್ಲ. ಎಣ್ಣೆ ಪ್ಯಾಕೆಟ್ಟಿಗೆ, ಉದ್ದಿನಬೇಳೆಗೆ ಮಾತಾಡಿ ಮಾತಾಡಿ ಹದಗೊಂಡಿದ್ದ ದನಿ.

ಅಶ್ವಿನಿ ನನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದಳು. ಈಗ ಏಳನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರಿಸುವುದು ಎಷ್ಟೋ ಕಾಲದಿಂದ ನಮ್ಮ ಮನೆಯ ರೂಢಿ. ಅವಳು ನನ್ನ ಸೆರಗು ಹಿಡಿದು ಎಳೆದಳು.

"ಅಮ್ಮಾ, ಅಪ್ಪಾವುಕ್ಕು ಬೇರಂ ಪೇಸಾದೇ" ಎಂದಳು.

ಅಪ್ಪನಿಗೆ ಚೌಕಾಸಿ ಮಾಡಬೇಡ.

ಫೋನಿನಲ್ಲಿ ಅವನು ಹಲೋ ಹಲೋ ಎನ್ನುತ್ತಿದ್ದ. ನಾನು ಮಗಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ನನ್ನಿಂದ ಮಾತು ಹೊರಡುತ್ತಿರಲಿಲ್ಲ, ಮಾತು ಹೊರಡದಿದ್ದರೆ ಗಾಡಿಯೂ ಹೊರಡುತ್ತಿರಲಿಲ್ಲ. ಟೋಲೂ ಸೇರಿಸಿ ಅದೇ ಬೆಲೆಗೆ ಕೊಡಿ ಎಂದೆ. ಅವನು ಒಪ್ಪಿದ. ಸೆಲ್ವಿ ಅಕ್ಕ ಮಗಳನ್ನು ತಬ್ಬಿಕೊಂಡು ಹೊರಗೆ ಕರೆದುಕೊಂಡು ಹೋದಳು.

ದಾರಿಯುದ್ದಕ್ಕೂ ಅಶ್ವಿನಿ ನನ್ನೊಡನೆ ಮಾತಾಡಲಿಲ್ಲ. ಅಪ್ಪನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು. ಊರಿನಲ್ಲಿ ಅತ್ತೆ ಮಗನ ಮುಖ ಸವರಿದರು, ಹಣೆ ಸವರಿದರು. ಅವರ ಕಣ್ಣೆದುರೇ ಎಲ್ಲವೂ ಮುಗಿಯಿತು. ಬಂದವರೆಲ್ಲ, ಸದ್ಯ ಅವನ ನೆಲದಲ್ಲೇ ಆಯಿತಲ್ಲ ಎಂದರು.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಪೇಟೆಗೆ ಹೋದೆ. ಅಂಗಡಿಯಲ್ಲಿದ್ದವರು ನಮ್ಮವರ ಜೊತೆ ಓದಿದವರು. ಬೆಲ್ಲಕ್ಕೆ ಎಷ್ಟು ಎಂದು ಕೇಳುವಾಗ ಬಾಯಿಂದ ತಮಿಳು ಬಂದುಬಿಟ್ಟಿತು. ಅವರು ಅದನ್ನು ಗಮನಿಸದವರಂತೆ, ನಿಮ್ಮ ಹತ್ತಿರ ಎಂತ ರೇಟು, ಇದ್ದಾಗ ಕೊಡಿ ಎಂದು ಕಟ್ಟಿ ಕೊಟ್ಟರು. ಒಳ್ಳೆಯ ಮಾತೇ. ಆದರೆ ನಡೆಯುವಾಗ ಕೈಯಲ್ಲಿದ್ದ ಪೊಟ್ಟಣ ಭಾರ ಅನಿಸಿತು. ಇಲ್ಲಿದ್ದರೆ ಇನ್ನು ಮುಂದೆ ಪ್ರತಿಯೊಂದಕ್ಕೂ ಎದುರಿನವರು ನನ್ನ ಮುಖ ನೋಡಿಯೇ ಬೆಲೆ ಹೇಳುತ್ತಾರೆ. ಚೆನ್ನೈಯಲ್ಲಿ ನನ್ನ ಮುಖ ಯಾರಿಗೂ ಬೇಡ. ಚೀಟಿಯಲ್ಲಿ ಅಚ್ಚಾಗಿದ್ದರೆ ಸಾಕು, ಕೇಳುವ ಹಕ್ಕು ನನಗಿದೆ.

ಹೋಟೆಲಿನ ಯಜಮಾನರು ಪಾರ್ಸೆಲ್ ಕೌಂಟರಿನಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದರು. ಮಗಳ ಶಾಲೆಯೂ ಅಲ್ಲೇ. ಹೊರಡುತ್ತೇನೆ ಎಂದಾಗ ಅತ್ತೆ ನನ್ನ ಕೈ ಬಿಡಲಿಲ್ಲ. "ಅವ್ನ್ ಇಲ್ಲೇ ಇದ್ದ ಅಲ್ದಾ, ನೀ ಎಲ್ಲಿಗ್ ಹೋತೆ?" ಎಂದರು.

ಮಂಗಳೂರಿನಲ್ಲಿ ರೈಲು ಹತ್ತಿದೆವು. ಅಶ್ವಿನಿ ಕಿಟಕಿಗೆ ಮುಖ ಮಾಡಿ ಮಲಗಿದಳು. ಬೆಳಕು ಹರಿಯುವ ಹೊತ್ತಿಗೆ ಚೆನ್ನೈಯ ಅಂಚಿನ ತಾಂಬರಂ ಬಂತು. ಪಕ್ಕದ ಹಳಿಯಲ್ಲಿ ಲೋಕಲ್ ರೈಲು, ಬಾಗಿಲಲ್ಲಿ ಜೋತುಬಿದ್ದ ಜನ. ಅವಳು ನನ್ನ ಭುಜ ಅಲುಗಾಡಿಸಿದಳು. ಅಷ್ಟು ದಿನಗಳಲ್ಲಿ ತಾನಾಗಿ ಆಡಿದ ಮೊದಲ ಮಾತು.

"ಅಮ್ಮಾ, ಎಳುಂದಿರು. ಊರು ವಂದಿಡುಚ್ಚು."

ಏಳು, ಊರು ಬಂತು. ಹೂಂ ಎಂದೆ. ಎದ್ದು ಸೀಟಿನಡಿಯಿಂದ ಚೀಲ ಎಳೆದುಕೊಂಡೆ.