ಮುಟ್ಟಿದರೂ ಔಟಾಗದ ಆಟ

“ಈ ಜನ್ಮದಲ್ಲಿ ನೀನು ಫುಟ್‌ಬಾಲ್ ಆಡೋದು ಆಗದ ಮಾತು ಕಣಯ್ಯ” ಎಂದವರು ನಮ್ಮ ಕಾಲೇಜಿನ ಫಿಸಿಕಲ್ ಡೈರೆಕ್ಟರು. ಹೇಳಿದ್ದು ಹಾಸನದ ಆಟದ ಬಯಲಿನಲ್ಲಿ, ತಂಡದ ಹುಡುಗರೆಲ್ಲ ಸುತ್ತ ನಿಂತಿದ್ದಾಗ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ದಿನದ ನನ್ನ ಆಟವನ್ನು ಹೊರಗೆ ನಿಂತು ನೋಡಿದ್ದರೆ ನಾನೂ ಅದೇ ಮಾತು ಹೇಳುತ್ತಿದ್ದೆ.

ಅಷ್ಟು ಹೊತ್ತಿಗಾಗಲೇ ನಾನು ಕಬಡ್ಡಿಯಲ್ಲಿ ಹೆಸರಾದವನು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲಿ ಪಂದ್ಯ ಏರ್ಪಟ್ಟರೂ ನಮ್ಮ ಕೇರಿಯ ತಂಡಕ್ಕೆ ಹೇಳಿಕಳಿಸುತ್ತಿದ್ದರು. ತಂಡ ಕಟ್ಟಿದವರು ನನ್ನ ದೊಡ್ಡಪ್ಪ. ಊರೊಳಗಿನ ದೊಡ್ಡವರ ಮಕ್ಕಳನ್ನು ನಮ್ಮ ಕೇರಿಯ ಹುಡುಗರು ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರಿಗೆ, ಸೊಂಟ ಹಿಡಿದು ಮಣ್ಣಿಗೆ ಕೆಡವಬಹುದಾಗಿದ್ದ ಜಾಗ ಆ ಅಂಕಣವೊಂದೇ. ಚೆನ್ನಾಗಿ ಕೆಡವಿದರೆ ಅವರ ಅಪ್ಪಂದಿರೇ ಶಿಳ್ಳೆ ಹೊಡೆಯುತ್ತಿದ್ದರು. ಅಂಥ ಆಟವನ್ನು ಯಾರು ಬಿಟ್ಟಾರು?

ನಾನು ಬಿಟ್ಟಿದ್ದು ಒಂದು ಕಾಗದಕ್ಕಾಗಿ. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಮುಂದೆ ಬಿ.ಎ. ಮುಗಿಸಿದ ಮೊದಲಿಗನೂ ಆದೆ. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರಾಗಬೇಕೆಂಬುದು ನನ್ನ ಆಸೆ. ಆ ತರಬೇತಿಗೆ ಸೇರಲು ಪದವಿಯ ಜೊತೆಗೆ ಕಾಲೇಜಿನ ಪರವಾಗಿ ಆಡಿದ ಸರ್ಟಿಫಿಕೇಟೂ ಬೇಕು ಎಂದರು. ನಮ್ಮ ಕಾಲೇಜಿನಲ್ಲಿ ಕಬಡ್ಡಿ ತಂಡವೇ ಇರಲಿಲ್ಲ. ಜಾಗ ಖಾಲಿ ಇದ್ದದ್ದು ಫುಟ್‌ಬಾಲ್ ತಂಡದಲ್ಲಿ. ಬೇರೆ ಕಾಲೇಜಿನ ಮೇಲೆ ಒಂದು ಪಂದ್ಯ ಪೂರ್ತಿ ಆಡಿದರೆ ಸರ್ಟಿಫಿಕೇಟು ಕೈಗೆ. ಓಡಲು ಬರುತ್ತದೆ, ತಪ್ಪಿಸಿಕೊಳ್ಳಲು ಬರುತ್ತದೆ, ಇನ್ನೇನು ಬೇಕು ಎಂದುಕೊಂಡು ಹೋಗಿ ನಿಂತೆ.

ಮೊದಲ ದಿನ ಚೆಂಡು ಕಾಲಿಗೆ ಸಿಕ್ಕಿತು. ಓಡಿದೆ. ಹಿಂದಿನಿಂದ ಯಾರೋ ಭುಜಕ್ಕೆ ಕೈ ತಾಗಿಸಿದರು. ನಾನು ಚೆಂಡನ್ನು ಅಲ್ಲೇ ಬಿಟ್ಟು, ತಲೆ ತಗ್ಗಿಸಿಕೊಂಡು, ಗೆರೆ ದಾಟಿ ಹೋಗಿ ಹುಲ್ಲಿನ ಮೇಲೆ ಕುಳಿತುಬಿಟ್ಟೆ.

“ಏನಾಯ್ತಯ್ಯ? ಕಾಲು ಉಳುಕಿತಾ?” ಎಂದು ಡೈರೆಕ್ಟರು ಓಡಿ ಬಂದರು.

“ಇಲ್ಲ ಸಾ. ಔಟಾದೆ.”

“ಯಾರು ಹೇಳಿದ್ದು?”

“ಯಾರಾದ್ರೂ ಯಾಕೆ ಹೇಳ್ಬೇಕು ಸಾ? ಮುಟ್ಟಿದ್ದು ನಂಗೇ ಗೊತ್ತಾಯ್ತು.”

ನಮ್ಮ ದೊಡ್ಡಪ್ಪ ಕಲಿಸಿದ್ದ ಮರ್ಯಾದೆ ಅದು. ಮುಟ್ಟಿಸಿಕೊಂಡವನು ಅಂಪೈರು ಹೇಳುವ ತನಕ ಕಾಯಬಾರದು, ತಾನೇ ಎದ್ದು ಆಚೆಗೆ ಹೋಗಬೇಕು. ಹಾಸನದ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡೈರೆಕ್ಟರು ನಗಲಿಲ್ಲ. ಈ ಆಟದಲ್ಲಿ ಮುಟ್ಟಿದರೆ ಔಟಿಲ್ಲ ಎಂದು ತಿಳಿಸಿ ಮತ್ತೆ ಒಳಗೆ ಕಳಿಸಿದರು.

ಎರಡನೆಯ ಸಲ ಇನ್ನೂ ಚೆನ್ನಾಗಿ ಆಯಿತು. ಚೆಂಡು ಸಿಕ್ಕಿದ್ದೇ ತಡ, ಎದುರಿನ ಅರ್ಧಕ್ಕೆ ನುಗ್ಗಿದೆ. ಇಬ್ಬರನ್ನು ದಾಟಿದೆ. ಬಾಯಲ್ಲಿ ನನಗೇ ತಿಳಿಯದಂತೆ ‘ಕಬಡ್ಡಿ ಕಬಡ್ಡಿ’ ಹೊರಟಿತ್ತು. ಗೋಲು ಎದುರಿಗೇ ಇತ್ತು. ಆದರೆ ಉಸಿರು ಮುಗಿಯಿತು. ಉಸಿರು ಮುಗಿಯುವಾಗ ಎದುರಾಳಿಯ ನೆಲದಲ್ಲಿ ನಿಲ್ಲುವುದುಂಟೆ? ಗಕ್ಕನೆ ತಿರುಗಿ, ಚೆಂಡು ಸಮೇತ ನಡುಗೆರೆ ದಾಟಿ ನಮ್ಮ ಕಡೆಗೆ ಬಂದು, ಗೆದ್ದವನಂತೆ ಎದೆ ಸೆಟೆಸಿ ನಿಂತೆ.

ತಂಡದ ನಾಯಕ ಹಾಸನ ಪೇಟೆಯ ಹುಡುಗ, ಮಾತಿನ ಮಲ್ಲ. “ಲೋ, ಚೆಂಡು ಮನೆಗೆ ತಂದುಬಿಟ್ಟೆಯಲ್ಲೋ! ಅಟ್ಟದ ಮೇಲೆ ಇಡೋಣವಾ?” ಎಂದ.

ಕೊನೆಗೆ ಅವನೇ ಚೆಂಡು ತೆಗೆದುಕೊಂಡು ನನ್ನ ಪಕ್ಕದಲ್ಲಿ ಹಾಯುವಾಗ ನನ್ನ ಕೈ ತಡೆಯಲಿಲ್ಲ. ಮಂಡಿಯೂರಿ ಅವನ ಹಿಮ್ಮಡಿ ಹಿಡಿದೆ. ನಾನು ಹಿಡಿದ ಹಿಮ್ಮಡಿ ಬಿಡಿಸಿಕೊಂಡು ಹೋದವರು ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಅವನು ಬೋರಲು ಬಿದ್ದ. ಡೈರೆಕ್ಟರು ಆ ಮಾತು ಹೇಳಿದ್ದು ಆಗಲೇ.

ಆದರೂ ಮಾರನೆಯ ಸಂಜೆ ಹೋದೆ. ಅದರ ಮಾರನೆಯ ಸಂಜೆಯೂ ಹೋದೆ. ಡೈರೆಕ್ಟರು ಬೇಡ ಎನ್ನಲಿಲ್ಲ, ಆಡು ಎನ್ನಲೂ ಇಲ್ಲ. ಆಚೆ ಹೋದ ಚೆಂಡು ತಂದುಕೊಡುತ್ತಿದ್ದೆ. ಬಿದ್ದು ಮೂಗು ಜಜ್ಜಿಕೊಂಡ ನಾಯಕನೇ ನನಗೆ ಮೇಷ್ಟ್ರಾದ. ಒಂದೇ ಉಸಿರು ಕಟ್ಟಿ ಓಡುವ ನನ್ನ ಚಟ ಬಿಡಿಸಲು ಅವನು ಹುಡುಕಿದ ಉಪಾಯ ಒಂದೇ: ಪಕ್ಕದಲ್ಲಿ ಓಡುತ್ತ ಮಾತಾಡಿಸುವುದು.

“ಹಾಸ್ಟೆಲಿನಲ್ಲಿ ಬೆಳಿಗ್ಗೆ ಏನು ಕೊಟ್ಟರೋ?”

“ಉಪ್ಪಿಟ್ಟು.”

“ಮಧ್ಯಾಹ್ನ?”

“ಮುದ್ದೆ, ಉರುಳಿ ಸಾರು.”

“ನಿನ್ನೆ?”

“ಅದೇಯ.”

“ಮೊನ್ನೆ?”

“ಅದೇಯ ಕಣಪ್ಪ, ಬಿಡಪ್ಪ!”

ಹೀಗೆ ಹುರುಳಿ ಸಾರಿನ ಲೆಕ್ಕ ಒಪ್ಪಿಸುತ್ತ ಬಯಲನ್ನು ಆರು ಸುತ್ತು ಹಾಕಿದ ದಿನ, ಉಸಿರಾಡುತ್ತ ಓಡಬಹುದು ಎಂಬುದು ನನ್ನ ಮೈಗೆ ಗೊತ್ತಾಯಿತು.

ಈ ನಡುವೆ ಊರಿಗೆ ಹೋದರೆ ದೊಡ್ಡಪ್ಪ ಮುಖ ತಿರುಗಿಸಿದರು. “ಚನ್ರಾಯಪಟ್ಣದೋರ ಮುಂದೆ ಸೋತ್ಬಂದೊ ಕಣ್ಲಾ, ನೀನಿಲ್ದೆ. ಚಂಡು ಒದೆಯೋಕೆ ಕಾಲೇಜು ಓದ್ಬೇಕಾ? ಇಲ್ಲೇ ಕುಂಬಳಕಾಯಿ ಒದ್ಕೊಂಡು ಇರಬೋದಿತ್ತಲ್ಲಾ” ಎಂದರು. ಅವ್ವ ಒಳಗಿನಿಂದಲೇ, “ಅವ್ನು ಯಾವ್ದುಕ್ಕೋ ಓಡ್ತಾವ್ನೆ ಬುಡಿ ಬಾವ, ಓಡ್ಲಿ” ಎಂದಳು.

ಮುಂದಿನ ವರ್ಷ, ಮೈಸೂರಿನ ಒಂದು ಕಾಲೇಜಿನ ತಂಡ ಹಾಸನಕ್ಕೆ ಬರುವುದಕ್ಕೆ ನಾಲ್ಕು ದಿನ ಮೊದಲು, ನಮ್ಮ ಗೋಲ್‌ಕೀಪರಿಗೆ ಕಾಮಾಲೆ ಬಂತು. ಗೋಲು ಕಾಯಲು ಬೇರೆ ಜನ ಇರಲಿಲ್ಲ. ಡೈರೆಕ್ಟರು ತಲೆ ಮೇಲೆ ಕೈ ಹೊತ್ತರು. “ಸಾರ್, ನನ್ನ ಕಾಲು ಹಿಡಿದವನು ಇದ್ದಾನಲ್ಲ. ಕೈಯಲ್ಲಿ ಹಿಡಿಯುವ ಕೆಲಸ ಅವನಿಗೇ ಕೊಡಿ” ಎಂದ ನಾಯಕ.

ಒಂದು ವರ್ಷದಿಂದ ಆ ಬಯಲಿಗೆ ಹೋಗುತ್ತಿದ್ದರೂ ಗೋಲ್‌ಕೀಪರಾಗುವ ಯೋಚನೆ ನನ್ನ ತಲೆಗೇ ಬಂದಿರಲಿಲ್ಲ. ಅದು ಉದ್ದನೆಯ ಹುಡುಗರ ಕೆಲಸ ಎಂದುಕೊಂಡಿದ್ದೆ. ಆ ಸಂಜೆ ಕಂಬಗಳ ನಡುವೆ ನಿಂತೆ. ಚೆಂಡು ಬಂದ ಕಡೆಗೆಲ್ಲ ಹಾರಿ ಬಿದ್ದೆ. ಬೀಳುವುದು ನಮಗೆ ಹೊಸದೇ? ಎದ್ದಾಗ ಮೊಣಕೈಯಿಂದ ರಕ್ತ, ಮುಖದ ತುಂಬ ನಗು. ಡೈರೆಕ್ಟರು ಒಂದೇ ಮಾತು ಹೇಳಿದರು: “ಚೆಂಡು ಹಿಡಿ. ಕಾಲು ಹಿಡಿದೆಯೋ, ನೀನು ಹೊರಗೆ, ಸರ್ಟಿಫಿಕೇಟೂ ಹೊರಗೆ.”

ಪಂದ್ಯದ ದಿನ ಬೆಳಗಿನ ಬಸ್ಸಿನಲ್ಲಿ ದೊಡ್ಡಪ್ಪ ಇಳಿದರು. ಹಿಂದೆ ಅವ್ವ. ಮುಖ ತಿರುಗಿಸಿದ್ದವರು ಬಂದು ಗೆರೆಯ ಪಕ್ಕದಲ್ಲೇ ಕುಳಿತರು. ಮೈಸೂರಿನವರು ಬೂಟು, ಕಾಲುಚೀಲ ಹಾಕಿಕೊಂಡು ಸಾಲಾಗಿ ಬಂದರು. ನಮ್ಮಲ್ಲಿ ಅರ್ಧ ಜನ ಬರಿಗಾಲು.

ಆಟದ ಹೊತ್ತೆಲ್ಲ ಚೆಂಡು ನಮ್ಮ ಕಡೆಗೇ. ಕೊನೆಗೆ, ಇನ್ನೇನು ಮುಗಿಯಿತು ಎನ್ನುವಾಗ, ಅವರ ಒಬ್ಬ ಉದ್ದನೆಯ ಹುಡುಗ ಎಲ್ಲರನ್ನೂ ದಾಟಿ ಒಬ್ಬನೇ ನನ್ನ ಮುಂದೆ ಬಂದ. ನನ್ನ ಕಣ್ಣಿಗೆ ಚೆಂಡು ಕಾಣಲಿಲ್ಲ, ಅವನ ಹಿಮ್ಮಡಿ ಕಂಡಿತು. ಎಂಥ ಹಿಮ್ಮಡಿ! ಹಿಡಿ ಹಿಡಿ ಎನ್ನುತ್ತಿತ್ತು. ಹಾರಿದೆ. ಕೈ ಅದರ ಕಡೆಗೇ ಹೊರಟಿತು. ದೇವರ ದಯ, ಒಂದು ಗೇಣು ಮೊದಲೇ ಪಕ್ಕಕ್ಕೆ ತಿರುಗಿ ಚೆಂಡನ್ನು ತಬ್ಬಿತು.

ಅವನು ನನ್ನ ಮೇಲೆ ಬಿದ್ದ. ಅವನ ಮೇಲೆ ಇನ್ನಿಬ್ಬರು. ಮೈಮೇಲೆ ಜನ ಬಿದ್ದರೆ ನನಗೆ ಗೊತ್ತಿದ್ದ ವಿದ್ಯೆ ಒಂದೇ: ತೆವಳಿಕೊಂಡು ಹೋಗಿ ಗೆರೆ ಮುಟ್ಟುವುದು. ಎದುರಿಗೆ, ಗೋಲಿನ ಮುಂದಿನ ಚೌಕದ ಸುಣ್ಣದ ಗೆರೆ ಹೊಳೆಯುತ್ತಿತ್ತು. ಚೆಂಡನ್ನು ಅವುಚಿಕೊಂಡು ಮೂವರ ಅಡಿಯಿಂದ ತೆವಳತೊಡಗಿದೆ. ಆ ಗೆರೆಯ ಆಚೆಗೆ ಗೋಲ್‌ಕೀಪರು ಚೆಂಡನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ. ಹಿಡಿದರೆ ಗೋಲಿನೆದುರೇ ಅವರಿಗೆ ಫ್ರೀ ಕಿಕ್ಕು.

“ಮುಟ್ಲಾ! ಗೆರೆ ಮುಟ್ಲಾ!” ದೊಡ್ಡಪ್ಪನ ಕೂಗು.

“ನಿಲ್ಲೋ! ಅಲ್ಲೇ ನಿಲ್ಲೋ!” ಡೈರೆಕ್ಟರ ಕೂಗು.

ಹುಟ್ಟಿದಾಗಿನಿಂದ ನಾನು ಕೇಳಿದ್ದು ದೊಡ್ಡಪ್ಪನ ಮಾತು. ಆವತ್ತು ಮಾತ್ರ ಕೇಳಲಿಲ್ಲ. ಗೆರೆಗೆ ಮೊಳ ದೂರದಲ್ಲಿ, ಚೆಂಡಿನ ಮೇಲೆ ಗಲ್ಲ ಊರಿ, ಬಾಯಿ ಬಿಟ್ಟು ಉಸಿರಾಡುತ್ತ ಸುಮ್ಮನೆ ಬಿದ್ದುಕೊಂಡೆ. ನಾಯಕ ಬಂದು ಒಬ್ಬೊಬ್ಬರನ್ನೇ ಎಳೆದು ಹಾಕಿದ. ನಾನೆದ್ದು ಚೆಂಡನ್ನು ಒದ್ದೆ. ಆಟ ಮುಗಿದ ಸೀಟಿ ಕೇಳಿಸಿತು.

ಯಾರಿಗೂ ಗೋಲಿಲ್ಲ, ಸಮ. ಮೈಸೂರಿನವರ ಮೇಲೆ ನಮ್ಮ ಕಾಲೇಜು ಅಲ್ಲಿಯವರೆಗೆ ಸೋಲದೇ ಇದ್ದದ್ದೇ ಇಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ದೊಡ್ಡಪ್ಪ ಪಕ್ಕದಲ್ಲಿ ನಡೆಯುತ್ತ ಕೇಳುತ್ತಲೇ ಇದ್ದರು: “ಗೆದ್ದೋರು ಯಾರ್ಲಾ?”

“ಯಾರೂ ಇಲ್ಲ ದೊಡ್ಡಪ್ಪ.”

“ಯಾರೂ ಗೆಲ್ದೆ ಇದ್ಮೇಲೆ ಇಷ್ಟೊಂದು ಯಾತಕ್ಕೆ ಓಡಾಡಿದ್ರಿ? ಕುಣೀತಾ ಬ್ಯಾರೆ ಅವರೆ!” ಎಂದರು. ಆದರೆ ಅವರೂ ನಗುತ್ತಿದ್ದರು.

ಸರ್ಟಿಫಿಕೇಟು ಕೊಟ್ಟದ್ದು ಕಾಲೇಜಿನ ವಾರ್ಷಿಕೋತ್ಸವದಲ್ಲಿ. ಪ್ರಿನ್ಸಿಪಾಲರು ಕೈಗೆ ಕೊಟ್ಟರು. ಡೈರೆಕ್ಟರು ಪಕ್ಕದಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅಪ್ಪ ಎತ್ತುಗಳನ್ನು ಬಿಟ್ಟು ಬರುವಂತಿರಲಿಲ್ಲ. ಅವ್ವ ಹಿಂದಿನ ಸಾಲಿನಲ್ಲಿ, ನೆಲದ ಮೇಲೆ ಕುಳಿತಿದ್ದಳು. ಹೋಗಿ ಅವಳ ಮಡಿಲಲ್ಲಿಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಗದ ಹಿಡಿದಳು.

“ಇದ್ರಲ್ಲಿ ನಿನ್ನೆಸ್ರು ಐತಾ?”

ತೋರಿಸಿದೆ. “ಅದರ ಮುಂದೆ ಇರೋದು ಅಪ್ಪನ ಹೆಸರು. ಇಂಥವರ ಮಗ ಅಂತ ಬರ್ದವ್ರೆ” ಎಂದೆ.

ಗಂಡನ ಹೆಸರನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ; ನಮ್ಮ ಕಡೆಯ ಹೆಂಗಸರು ಹೇಳುವುದಿಲ್ಲ. ಬರೆದದ್ದನ್ನು ನೋಡಿದ್ದೂ ಅದೇ ಮೊದಲು. ಬೆರಳನ್ನು ಅಕ್ಷರಗಳ ಮೇಲೆ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಆಡಿಸಿದಳು.

“ಅಯ್ಯ, ಇಷ್ಟುದ್ದ ಐತಾ ಅವರ ಎಸ್ರು!” ಎಂದಳು. “ಮಡಚಬ್ಯಾಡ ಕಣ್ಲಾ ಮಗ. ಇಂಗೇ ತಗಂಡೋಗಿ ತೋರ್ಸಣ.”